ಲಕ್ವ ಕಡಿಮೆಯಾದ ಆಸ್ಪತ್ರೆ

ಒಂದು ಸರ್ಕಾರಿ ಆಸ್ಪತ್ರೆಗೆ ಕಾಯಿಲೆಗಳನ್ನು ಗುರುತಿಸುವ ಹೊಸ ಕೋಡ್ ನಂಬರುಗಳು ಬಂದವು. ಮೊದಲು ಲಕ್ವಕ್ಕೆ ಒಂದೇ ನಂಬರಿತ್ತು, ಈಗ ಅದೂ ಸೇರಿ ಹತ್ತಾದವು. ಕಂಪ್ಯೂಟರು ಮಾತ್ರ ಹಳೆಯದನ್ನೇ ಎಣಿಸುತ್ತಿತ್ತು. ಲೆಕ್ಕದಲ್ಲಿ ಇನ್ನೂರು ರೋಗಿಗಳು ನಲವತ್ತಕ್ಕಿಳಿದರು.

"ನಾನು ಬಂದಮೇಲೆ ಲಕ್ವವೇ ಕಡಿಮೆಯಾಯ್ತು!" ಎಂದು ಹಿಗ್ಗಿದ ದೊಡ್ಡ ಡಾಕ್ಟರು ಪಂಪಣ್ಣನವರು ಲಕ್ವದ ವಾರ್ಡು ಮುಚ್ಚಿಸಿದರು. ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದ ಮೇಡಂ ಬೇರೆ ಊರಿಗೆ ವರ್ಗವಾದರು.

"ಲೆಕ್ಕ ತಪ್ಪಿದೆ ಸಾರ್," ಎಂದ ದಾಖಲೆ ಗುಮಾಸ್ತ.

"ಕಂಪ್ಯೂಟರಿಗಿಂತ ನೀನು ಜಾಣನೇನಯ್ಯಾ?"

ಬೈಸಿಕೊಂಡ ಗುಮಾಸ್ತ ಮೂರು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಡಾಕ್ಟರೇ ಕರೆದು, "ಲಕ್ವ ಕಡಿಮೆ ಮಾಡಿದ್ದಕ್ಕೆ ನನಗೊಂದು ಸನ್ಮಾನ ಏರ್ಪಾಡು ಮಾಡು," ಎಂದರು. ಗುಮಾಸ್ತ ಲೆಕ್ಕದಿಂದ ಬಿಟ್ಟುಹೋದ ನೂರಾ ಅರವತ್ತು ಜನಕ್ಕೂ ಕಾಗದ ಹಾಕಿದ: "ಬಂದು ಡಾಕ್ಟರಿಗೆ ಹಾರ ಹಾಕಿ."

ಆ ದಿನ ಸಭೆಯೊಳಗೆ ಕೋಲೂರಿಕೊಂಡು, ಕಾಲೆಳೆದುಕೊಂಡು ಜನ ಬಂದೇ ಬಂದರು.

"ಯಾರಯ್ಯಾ ಇವರೆಲ್ಲ?"

"ಕಂಪ್ಯೂಟರಿನಲ್ಲಿ ಲಕ್ವ ಇಲ್ಲದವರು ಸಾರ್. ನಡೆಯೋಕಾದವರು ಮಾತ್ರ ಬಂದಿದ್ದಾರೆ."

ಮೊದಲು ಬಂದ ಈರವ್ವನಿಗೆ ಒಂದೇ ಕೈ ಏಳುತ್ತಿತ್ತು. ಹಾರ ಹಾಕಲಾಗದೆ ನಿಂತಳು. ಡಾಕ್ಟರೇ ತಲೆ ಬಗ್ಗಿಸಿದರು. ಬಗ್ಗಿಸಿದ ತಲೆ ಎತ್ತಲಿಲ್ಲ.

ಆ ವಾರವೇ ವಾರ್ಡು ತೆರೆಯಿತು. ವಾಪಸು ಬಂದ ಮೇಡಂ ಈರವ್ವನ ಏಳದ ಕೈ ಹಿಡಿದು ನೋಡಿ, "ಮೂರು ತಿಂಗಳ ಹಿಂದೆ ಶುರು ಮಾಡಿದ್ದರೆ ಇದೂ ಏಳುತ್ತಿತ್ತು," ಎಂದರು.

ಊರೆಲ್ಲ ಗುಮಾಸ್ತನ ಜಾಣತನವನ್ನು ಹೊಗಳಿತು. ಅವನು ಮಾತ್ರ ಈರವ್ವನ ಎದುರು ಸುಳಿಯಲಿಲ್ಲ.