ಗಂಟಿನ ದಾರ ಓದಿದ ಪೋಮ

"ಈ ಕಾಗದ ಒಮ್ಮೆ ಓದಿದರೆ ಸಾಕು, ಕಣ್ಣಿಗೆ ಕಾಣುವ ಬೆಟ್ಟವೆಲ್ಲ ನಮ್ಮ ರಾಜರದು!" ಎಂದು ದಳಪತಿ ಗಾಸ್ಪರ್ ಕುದುರೆಯ ಮೇಲಿಂದಲೇ ಕೊಚ್ಚಿಕೊಂಡ.

ಕೊಚ್ಚಿಕೊಳ್ಳದೆ ಏನು ಮಾಡಿಯಾನು? ಅವನ ಸ್ಪೇನಿನವರು ಹಿಡಿಯಷ್ಟು ಮಂದಿ ಬಂದು, ಇಂಕಾ ದೊರೆಯನ್ನು ಮಾತಿಗೆ ಕರೆದು, ಸೆರೆ ಹಿಡಿದಿದ್ದರು. ಬಿಡುತ್ತೇವೆಂದು ಕೋಣೆ ತುಂಬ ಚಿನ್ನ ಇಸಿದುಕೊಂಡು, ಆಮೇಲೆ ಕತ್ತು ಹಿಸುಕಿ ಕೊಂದಿದ್ದರು. ಅಣ್ಣತಮ್ಮಂದಿರ ಕಾದಾಟದಲ್ಲಿ ಮೊದಲೇ ಒಡೆದಿದ್ದ ರಾಜ್ಯ ಕುಸಿದುಬಿತ್ತು. ಇನ್ನು ಊರೂರು ಸುತ್ತಿ, ಕಾಗದ ಓದಿ, ಸಿಕ್ಕಿದ್ದು ಬಾಚಿಕೊಳ್ಳುವುದಷ್ಟೇ ಬಾಕಿ.

ಹಾಗೆ ಬಾಚಲು ಅವನು ಬಂದದ್ದು ಚಿಲ್ಕಪಾತ ಎಂಬ ಗುಡ್ಡದೂರಿಗೆ. ಅಲ್ಲಿ ಚಿನ್ನವಿರಲಿಲ್ಲ. ಇದ್ದದ್ದು ಒಂದು ಕಣಜ, ಅದರಲ್ಲಿ ಮೆಕ್ಕೆಜೋಳ, ಒಣಗಿಸಿಟ್ಟ ಆಲೂಗಡ್ಡೆ. ಮುಂದಿನ ಸುಗ್ಗಿಯವರೆಗೆ ಇಡೀ ಊರಿನ ಹೊಟ್ಟೆಗೆ ಅದೇ ಆಧಾರ. ದಳಪತಿಯ ಕಣ್ಣು ಬಿದ್ದದ್ದೂ ಅದರ ಮೇಲೆಯೇ.

ಊರಲ್ಲಿ ಪೋಮ ಎಂಬ ಮುದುಕನಿದ್ದ. ಸತ್ತ ದೊರೆಯ ಆಸ್ಥಾನದಲ್ಲಿ ಗಂಟಿನ ದಾರ ಓದುವುದು ಅವನ ಕೆಲಸವಾಗಿತ್ತು. ಇಂಕಾ ಜನ ಅಕ್ಷರ ಬರೆಯುವವರಲ್ಲ, ನೆನಪಿಡಬೇಕಾದ್ದನ್ನೆಲ್ಲ ದಾರಕ್ಕೆ ಗಂಟು ಹಾಕಿ ಇಡುತ್ತಿದ್ದರು. ದೊರೆ ಸೆರೆಯಲ್ಲಿದ್ದ ತಿಂಗಳುಗಳಲ್ಲಿ ಪೋಮ ಬಾಗಿಲ ಬಳಿ ಕೂತು ಕಾವಲುಗಾರರ ಭಾಷೆ ಕಲಿತುಬಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಈ ನೆಲ ಇನ್ನು ಸ್ಪೇನಿನ ರಾಜರದು ಎಂಬ ಆ ಕಾಗದವನ್ನು ದಳಪತಿ ಸ್ಪ್ಯಾನಿಷಿನಲ್ಲಿ ಗಡಗಡನೆ ಓದಿದ. ಊರವರು ಪಿಳಿಪಿಳಿ ನೋಡಿದರು. ಪಕ್ಕದಲ್ಲಿ ಕರಣಿಕ ಎಸ್ತೇಬಾನ್ ನಡೆದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಅವನು ಬರೆದದ್ದು ನೇರ ರಾಜರಿಗೆ ಹೋಗುತ್ತಿತ್ತು.

"ಮುಗಿಯಿತು. ಕಣಜದ ಬಾಗಿಲು ತೆಗೆಯಿರಿ!"

ಪೋಮ ಮುಂದೆ ಬಂದು ಸ್ಪ್ಯಾನಿಷಿನಲ್ಲೇ ಕೇಳಿದ: "ಸ್ವಾಮಿ, ಒಂದು ಸಣ್ಣ ಸಂದೇಹ."

ದಳಪತಿ ಕುದುರೆಯಿಂದ ಬೀಳುವುದೊಂದು ಬಾಕಿ.

"ಈ ಜನಕ್ಕೆ ತಾವು ಓದಿದ್ದರಲ್ಲಿ ಒಂದು ಮಾತೂ ತಿಳಿಯಲಿಲ್ಲವಲ್ಲ?"

"ತಿಳಿದರೇನು, ಬಿಟ್ಟರೇನು? ಕಿವಿ ಇತ್ತಲ್ಲ! ಕೊನೆಯವರೆಗೂ ಕೇಳಿ, ಬೇಡ ಅನ್ನದಿದ್ದರೆ ಒಪ್ಪಿದಂತೆ. ಅದೇ ಕಾನೂನು."

"ಎಂಥ ಮಾತು ಸ್ವಾಮಿ! ನಾನು ಮುದುಕ, ಮರೆತುಹೋದೀತು. ಬರೆಸಿಬಿಡಿ."

"ಬರಿಯಯ್ಯಾ" ಎಂದ ದಳಪತಿ. ಕರಣಿಕ ಬರೆದ. ಕೆಳಗೆ ದಳಪತಿಯ ಸಹಿಯೂ ಬಿತ್ತು.

"ನಮ್ಮಲ್ಲೂ ಹೊಸ ಒಡೆಯರು ಬಂದಾಗ ದಾರ ಓದುವ ಪದ್ಧತಿ ಉಂಟು. ಅಪ್ಪಣೆಯಾದರೆ..."

"ಬೇಗ ಮುಗಿಸು."

ಪೋಮ ಸೊಂಟದಿಂದ ಒಂದು ದಾರ ಬಿಚ್ಚಿ, ಗಂಟುಗಂಟಿನ ಮೇಲೂ ಬೆರಳಾಡಿಸುತ್ತ ತನ್ನ ಭಾಷೆಯಲ್ಲಿ ರಾಗವಾಗಿ ಓದಿದ. ದಳಪತಿ ಆಕಳಿಸಿದ, ಕಿವಿ ಕೆರೆದುಕೊಂಡ, ನೊಣ ಓಡಿಸಲು ಎರಡು ಸಲ ತಲೆಯಾಡಿಸಿದ. ಊರವರು ಮಾತ್ರ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ನಗು ತಡೆದರು.

"ಏನಂತೆ ನಿನ್ನ ದಾರ?"

"ತಾವು ಒಪ್ಪಿದ್ದು ಎರಡೇ ಮಾತು ಸ್ವಾಮಿ. ಒಂದು, ಈ ಊರಿನ ಕಣಜವನ್ನು ತಾವಾಗಲಿ ತಮ್ಮವರಾಗಲಿ ಎಂದೆಂದಿಗೂ ಮುಟ್ಟುವುದಿಲ್ಲ. ಇನ್ನೊಂದು, ನಮ್ಮಲ್ಲಿ ಬಿತ್ತನೆಗೆ ಮೊದಲ ಸಾಲು ಒಡೆಯನೇ ಅಗೆಯಬೇಕು. ಅದನ್ನು ಈಗಲೇ ಅಗೆದುಕೊಡುತ್ತೀರಿ."

"ಮೋಸ! ನನಗೆ ಒಂದು ಮಾತೂ ತಿಳಿಯಲಿಲ್ಲ!"

"ಕಿವಿ ಇತ್ತಲ್ಲ ಸ್ವಾಮಿ!"

"ತಿಳಿಯದೆ ಕೇಳಿದ್ದು ಲೆಕ್ಕಕ್ಕಿಲ್ಲ!" ದಳಪತಿ ಕತ್ತಿಗೆ ಕೈ ಹಾಕಿದ.

ಪೋಮ ಕರಣಿಕನ ಕಡೆ ತಿರುಗಿದ. "ಇದನ್ನೂ ಬರೆದುಕೊಳ್ಳಿ. ತಿಳಿಯದೆ ಕೇಳಿದ್ದು ಲೆಕ್ಕಕ್ಕಿಲ್ಲವಂತೆ. ಅಂದಮೇಲೆ ಕಾಗದ ಓದಿ ಪಡೆದ ಬೆಟ್ಟವೊಂದೂ ನಿಮ್ಮ ರಾಜರದಲ್ಲ ಎಂದು ದಳಪತಿಗಳೇ ಹೇಳಿದಂತಾಯಿತು."

ಕರಣಿಕ ಲೇಖನಿ ಎತ್ತಿ ಹಿಡಿದ. "ದಳಪತಿಗಳೇ, ಇದು ರಾಜದ್ರೋಹದ ಮಾತು. ತಲೆ ಹೋಗುತ್ತದೆ. ಬರೆಯಲೇ?"

ದಳಪತಿಯ ಕೈ ಕತ್ತಿಯಿಂದ ಮೇಲೆದ್ದು ತನ್ನ ಕುತ್ತಿಗೆಯನ್ನು ಸವರಿಕೊಂಡಿತು. "ಬೇಡ ಬೇಡ. ಗುದ್ದಲಿ ಎಲ್ಲಿ?"

ಗುದ್ದಲಿಯಲ್ಲ, ಕಾಲಲ್ಲಿ ಒತ್ತಿ ಅಗೆಯುವ ಕೋಲು ಕೊಟ್ಟರು. ಕಬ್ಬಿಣದ ಅಂಗಿ ತೊಟ್ಟವನು ಒಮ್ಮೆ ಒತ್ತಿದ, ಎರಡು ಸಲ ಬಿದ್ದ. ಅವನ ಸೈನಿಕರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ದೊರೆ ಸತ್ತ ದಿನದಿಂದ ನಗದಿದ್ದ ಪೋಮನಿಗೂ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಕರಣಿಕ ಹತ್ತಿರ ಬಂದು ಪಿಸುಗುಟ್ಟಿದ: "ಅಜ್ಜಾ, ನಿಜ ಹೇಳು. ಆ ದಾರದಲ್ಲಿ ಇದ್ದದ್ದೇನು?"

"ನನ್ನ ಹೆಂಡತಿ ಸಾಕಿದ ಗಿನಿ ಇಲಿಗಳ ಲೆಕ್ಕ."

"ಅಂದರೆ ನೀನು ಓದಿದ್ದೆಲ್ಲ ಸುಳ್ಳು!"

"ಆದರೂ ನಿಮ್ಮ ಕಾಗದಕ್ಕಿಂತ ನನ್ನ ದಾರವೇ ವಾಸಿ ಸ್ವಾಮಿ. ಆ ಇಲಿಗಳು ನಿಜವಾಗಿ ಅವಳವೇ."

ಈ ಮಾತನ್ನೂ ಕರಣಿಕ ಬರೆದುಕೊಳ್ಳಲಿಲ್ಲ.