ಕೆಮ್ಮಣ್ಣಿನ ಬೊಟ್ಟು

ಒಂದು ಕಾಡಿನಲ್ಲಿ ಬಲು ಅಗಲದ ಕೆರೆ ಇತ್ತು. ಸುತ್ತಿ ಹೋದರೆ ಮೂರು ದಿನದ ದಾರಿ. ಹಾರಿದರೆ ಒಂದು ಗಳಿಗೆ. ಆಚೆ ದಡದಲ್ಲಿ ಅತ್ತಿಹಣ್ಣು ಬಿಡುತ್ತಿತ್ತು. ಅಳಿಲು, ಮೊಲದ ಮರಿ ಎಲ್ಲ ಹೆಜ್ಜಾರ್ಲೆ ಹಕ್ಕಿಗಳ ಕೊಕ್ಕಿನ ಚೀಲದಲ್ಲಿ ಕೂತು ಕೆರೆ ದಾಟುತ್ತಿದ್ದವು.

ಇದಕ್ಕೆ ಹುಲಿರಾಯ ಒಂದು ಕಟ್ಟಳೆ ಮಾಡಿದ್ದ. ದಿನಾ ಬೆಳಿಗ್ಗೆ ಹಕ್ಕಿಗಳು ಬಂಡೆ ಮೇಲೆ ರೆಕ್ಕೆ ಬಿಚ್ಚಿ ನಿಲ್ಲಬೇಕು. ಮುಂಗುಸಿ ಗರಿ ನೋಡಬೇಕು, ಭುಜ ಒತ್ತಿ ನೋಡಬೇಕು. ಸರಿ ಇದ್ದರೆ ಕೊಕ್ಕಿನ ಮೇಲೆ ಕೆಮ್ಮಣ್ಣಿನ ಬೊಟ್ಟು. ದಣಿದಿದ್ದರೆ ಬೊಟ್ಟು ಇಲ್ಲ, ಆ ದಿನ ವಿಶ್ರಾಂತಿ. ಬೊಟ್ಟಿಲ್ಲದ ಹಕ್ಕಿ ಕೆರೆ ದಾಟುವ ಹಾಗಿಲ್ಲ.

ಗುಂಡ ಎಂಬ ಹೆಜ್ಜಾರ್ಲೆ ದೊಡ್ಡ ಗುಂಪಿನ ಯಜಮಾನ. ತನ್ನ ಗುಂಪಿನ ಹಕ್ಕಿ ಒಂದು ದಿನವೂ ಸುಮ್ಮನೆ ಕೂರಬಾರದು ಅಂತ ದಿನಾ ಒಂದು ಕೊಬ್ಬಿದ ಮೀನನ್ನು ಮುಂಗುಸಿಯ ಬಿಲದ ಬಾಯಿಗೆ ಹಾಕಿ ಬರುತ್ತಿದ್ದ. ಅವನ ಗುಂಪಿಗೆ ಮುಂಗುಸಿ ಕಣ್ಣು ಮುಚ್ಚಿ ಬೊಟ್ಟಿಡುತ್ತಿತ್ತು.

ಚೆನ್ನ ಎಂಬ ಹೆಜ್ಜಾರ್ಲೆ ಇದನ್ನು ನೋಡಿ ಒಮ್ಮೆ ಮುಂಗುಸಿಯನ್ನು ಕೇಳಿದ. "ಅಣ್ಣ, ನೀನು ಇವರ ಭುಜ ಮುಟ್ಟೇ ಇಲ್ಲವಲ್ಲ?"

"ನಿನ್ನ ರೆಕ್ಕೆ ಓರೆ ಇದೆ" ಅಂದಿತು ಮುಂಗುಸಿ. "ನಾಳೆಯಿಂದ ನಿನಗೆ ಬೊಟ್ಟಿಲ್ಲ."

ಚೆನ್ನ ಬಂಡೆ ಮೇಲೆ ಕೂತ. ಅವನ ಹೆಂಡತಿ ಬೆಳ್ಳಿ ಗುಂಡನ ಗುಂಪಿನಲ್ಲಿದ್ದಳು. ಅವಳು ಹಾರುತ್ತಲೇ ಇದ್ದಳು. ಬಿಡುವೇ ಇಲ್ಲ.

ಒಂದು ಬೆಳಿಗ್ಗೆ ಬೆಳ್ಳಿ ಮುಂಗುಸಿಗೆ ಹೇಳಿದಳು. "ಅಣ್ಣ, ಎಡ ಭುಜ ಎತ್ತೋಕೆ ಆಗ್ತಿಲ್ಲ. ಇವತ್ತು ಬೊಟ್ಟು ಬೇಡ."

"ಗುಂಡಣ್ಣನ ಗುಂಪಿನವರಿಗೆ ಭುಜ ನೋಯಲ್ಲಮ್ಮ" ಅಂತ ಮುಂಗುಸಿ ನಕ್ಕಿತು. ಬೊಟ್ಟಿಟ್ಟಿತು.

ಬೆಳ್ಳಿ ಹೊರಡುವಾಗ ಗಂಡನಿಗೆ ಅಂದಳು. "ಸಂಜೆಗೆ ಬರ್ತೀನಿ. ನನ್ನ ಜಾಗದಲ್ಲಿ ಯಾರನ್ನೂ ಕೂರಿಸ್ಬೇಡ."

"ಯಾರು ಕೂರ್ತಾರೆ? ಎರಡು ಹಕ್ಕಿಯ ಜಾಗ ಬೇಕು ನಿನಗೆ."

"ಆಡ್ಕೋ, ಬಂದು ವಿಚಾರಿಸ್ಕೋತೀನಿ."

ಚೀಲದಲ್ಲಿ ಎರಡು ಅಳಿಲು ಮರಿ ಇದ್ದವು. ಅವನ್ನು ಆಚೆ ದಡ ಮುಟ್ಟಿಸಿದಳು. ಹಿಂದಕ್ಕೆ ಬರುವಾಗ ನಡು ಕೆರೆಯಲ್ಲಿ ರೆಕ್ಕೆ ಸೋತಿತು. ಅಷ್ಟು ಮೇಲಿಂದ ಬಿದ್ದಳು. ಮತ್ತೆ ಏಳಲಿಲ್ಲ.

ಚೆನ್ನ ಸಂಜೆ ಸಂಜೆ ಬಂಡೆಯ ಒಂದು ಅಂಚಿಗೆ ಸರಿದು ಕೂರುತ್ತಿದ್ದ. ಪಕ್ಕದಲ್ಲಿ ಎರಡು ಹಕ್ಕಿಯ ಜಾಗ ಬಿಡುತ್ತಿದ್ದ. ಅವಳು ಬರಲ್ಲ ಅಂತ ಗೊತ್ತು. ಆದರೂ ನೀರಿನ ಮೇಲೆ ಏನಾದರೂ ಬೆಳ್ಳಗೆ ಕಂಡರೆ ಕತ್ತು ಎತ್ತುತ್ತಿದ್ದ.

ಎರಡು ತಿಂಗಳು ಹೋಯಿತು. ಒಂದು ಗಿಳಿ ಮುಂಗುಸಿಗೆ ಸುದ್ದಿ ತಂದಿತು. "ಹುಲಿರಾಯರು ಆಚೆ ದಡದಲ್ಲಿದ್ದಾರೆ. ಪಕ್ಕದ ಕೆರೆಯನ್ನೂ ನಿನಗೆ ಒಪ್ಪಿಸ್ತಾರಂತೆ. ಇವತ್ತು ಹೊತ್ತು ಮುಳುಗೋದ್ರೊಳಗೆ ಬರಬೇಕಂತೆ."

ಮುಂಗುಸಿ ಮೀಸೆ ತಿರುವಿಕೊಂಡು ಬಂಡೆಗೆ ಬಂತು. ಗುಂಡ ಚೀಲ ಅಗಲಿಸಿದ. "ಕೂತ್ಕೋ ಅಣ್ಣ."

ಮುಂಗುಸಿ ಒಂದು ಕಾಲಿಟ್ಟಿತು. ತೆಗೆಯಿತು. ಗುಂಡನ ರೆಕ್ಕೆಯಲ್ಲಿ ಎಷ್ಟು ಗರಿ ಉದುರಿವೆ? ಗೊತ್ತಿಲ್ಲ. ಉಳಿದವರದು? ಅದೂ ಗೊತ್ತಿಲ್ಲ. ಎಲ್ಲರ ಕೊಕ್ಕಿನ ಮೇಲೂ ಬೊಟ್ಟಿತ್ತು. ತಾನೇ ಇಟ್ಟದ್ದು.

ಅದು ಮೆಲ್ಲಗೆ ಚೆನ್ನನ ಹತ್ತಿರ ಬಂತು. "ಚೆನ್ನಪ್ಪ, ನೀನು ಕರ್ಕೊಂಡು ಹೋಗು. ಬೊಟ್ಟು ಈಗಲೇ ಇಡ್ತೀನಿ."

"ಎರಡು ತಿಂಗಳ ಮೇಲಾಯ್ತು ಹಾರಿ. ನನ್ನ ರೆಕ್ಕೆ ಜಡ್ಡುಗಟ್ಟಿದೆ" ಅಂದ ಚೆನ್ನ. "ಬೆಳ್ಳಿ ಇದ್ದಿದ್ದರೆ ದಾಟಿಸ್ತಿದ್ದಳು. ಭುಜ ನೋಯ್ತಿದ್ದರೂ ದಾಟಿಸ್ತಿದ್ದಳು."

ಮುಂಗುಸಿ ತಲೆ ತಗ್ಗಿಸಿತು. ಯಾವ ಚೀಲದಲ್ಲೂ ಕೂರಲಿಲ್ಲ. ದಡ ಹಿಡಿದು ನಡೆಯಿತು. ಮೂರನೆಯ ದಿನ ಕುಂಟುತ್ತಾ ಹುಲಿರಾಯನ ಮುಂದೆ ನಿಂತಿತು.

"ತಡ ಯಾಕೆ?"

"ನಡೆದು ಬಂದೆ ಮಹಾಪ್ರಭು."

"ನಡೆದು? ನೀನು ಬೊಟ್ಟಿಟ್ಟ ಹಕ್ಕಿಗಳು ಇಷ್ಟಿವೆ. ಅದರಲ್ಲಿ ಒಂದನ್ನೂ ನೀನು ನಂಬಲಿಲ್ಲವೇ?"

ಮುಂಗುಸಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಹುಲಿರಾಯ ಬೇರೇನೂ ಕೇಳಲಿಲ್ಲ. ಸುತ್ತು ಹಾದಿ ಹಿಡಿದು ತಾನೇ ಬಂಡೆಗೆ ಬಂದ. ಗುಂಡನ ಗುಂಪಿನ ರೆಕ್ಕೆ ಬಿಚ್ಚಿಸಿ ನೋಡಿದ. ಹತ್ತರಲ್ಲಿ ಏಳು ಹಕ್ಕಿಗೆ ಹಾರುವ ತ್ರಾಣ ಇರಲಿಲ್ಲ. ಮುಂಗುಸಿಯನ್ನೂ ಗುಂಡನನ್ನೂ ಕಾಡಿನಿಂದ ಅಟ್ಟಿದ. ಕೆಮ್ಮಣ್ಣಿನ ಕುಡಿಕೆಯನ್ನು ಚೆನ್ನನ ಮುಂದೆ ಇಟ್ಟ.

ಮರುದಿನ ಬೆಳಿಗ್ಗೆ ಒಂದು ಹೆಣ್ಣು ಹೆಜ್ಜಾರ್ಲೆ ಬಂದು ರೆಕ್ಕೆ ಬಿಚ್ಚಿತು. ಚೆನ್ನ ಅದರ ಎಡ ಭುಜ ಮೆಲ್ಲಗೆ ಒತ್ತಿದ.

"ನೋಯ್ತಿದೆಯಾ ತಾಯಿ?"

"ಸ್ವಲ್ಪ."

"ಇವತ್ತು ಮನೆಗೆ ಹೋಗು."

ಅದು ಹೋಗುವುದನ್ನು ಚೆನ್ನ ನೋಡುತ್ತಾ ನಿಂತ. ಸಂಜೆ ಬಂಡೆಯ ಅಂಚಿಗೆ ಸರಿದು ಕೂತ. ಎರಡು ಹಕ್ಕಿಯ ಜಾಗ ಬಿಟ್ಟ.

ನೀತಿ: ಕಾಯುವವನು ಮೀನಿನ ಆಸೆಗೆ ಕಣ್ಣು ಮುಚ್ಚಿದರೆ ದುಡಿಯುವವರ ಜೀವ ಹೋಗುತ್ತದೆ. ಆಮೇಲೆ ನ್ಯಾಯ ಸಿಗಬಹುದು, ಹೋದವರು ಸಿಗುವುದಿಲ್ಲ.