ವಿಮಾನದ ಬೆನ್ನಿನ ಬಳೆ

ಒಂದು ಕಾಡಿನಲ್ಲಿ ಒಂದು... ಏನದರ ಹೆಸರು ಚಿನ್ನಿ, ನಾಲಗೆ ತುದಿಯಲ್ಲೇ ಇದೆ... ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು... ಹಾಂ, ಕಾಡುಪಾಪ! ಒಂದು ಕಾಡುಪಾಪ ಇತ್ತು. ಬಲು ನಿಧಾನದ ಪ್ರಾಣಿ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಅರ್ಧ ದಿನ ಬೇಕು. ಆದರೂ ಕರಡಿ ತನ್ನ ಹಳೆಯ ವಿಮಾನದಲ್ಲಿ ಅದನ್ನು ಬಿಟ್ಟು ಹಾರುತ್ತಿರಲಿಲ್ಲ.

ವಿಮಾನದ ಬೆನ್ನ ಮೇಲೆ ತಂತಿ ಸುತ್ತಿದ ದೊಡ್ಡ ಬಳೆಯೊಂದಿತ್ತು. ಅದನ್ನು ತಿರುಗಿಸುವುದೇ ಕಾಡುಪಾಪದ ಕೆಲಸ. ವಿಮಾನ ಇಳಿಯುವ ಬಯಲಿನಲ್ಲಿ ಮರಕುಟಿಗ ಮೈಕಿನ ಮುಂದೆ ಕೊಂಬೆ ಕುಟ್ಟುತ್ತಿತ್ತು. ಆ 'ಟಕ್ ಟಕ್' ರೇಡಿಯೋದಲ್ಲಿ ಕೇಳಿಸುತ್ತಿತ್ತು. ಬಳೆಯ ಅಂಚು ಬಯಲಿನತ್ತ ಇದ್ದರೆ ಸದ್ದು ಜೋರು. ಬಳೆಯ ಮುಖ ಅತ್ತ ತಿರುಗಿದರೆ ಸದ್ದು ಥಟ್ಟನೆ ಮಾಯ. ಸದ್ದು ಸತ್ತಾಗ ಬಳೆಯ ಮುಖ ತೋರುವ ಗೆರೆಯೇ ಬಯಲಿನ ದಾರಿ. ಆದರೆ ಬಯಲು ಮುಂದಿದೆಯೋ ಹಿಂದಿದೆಯೋ, ಅದನ್ನು ಮಾತ್ರ ಬಳೆ ಹೇಳುತ್ತಿರಲಿಲ್ಲ.

ಒಂದು ಸಲ ನಡುಗಡ್ಡೆಗೆ ನೆರೆ ಬಂತು. ಕರಡಿ ಹನ್ನೆರಡು ಮೊಲದ ಮರಿಗಳನ್ನು ಹತ್ತಿಸಿಕೊಂಡು ಬಯಲಿಗೆ ಹೊರಟಿತು. ದಾರಿಯಲ್ಲಿ ಮಂಜು ಕವಿಯಿತು. ಕೆಳಗೆ ಏನೂ ಕಾಣದು. ಪೆಟ್ರೋಲು ತಳ ಕಂಡಿತ್ತು.

ನರಿ ಇದನ್ನೇ ಕಾಯುತ್ತಿತ್ತು. ಕದ್ದು ತಂದ ಮೈಕಿನೊಂದಿಗೆ ಜೌಗಿನಲ್ಲಿ ಕೂತು, ಮರಕುಟಿಗದ ಹಾಗೆಯೇ ಕುಟ್ಟಿತು. ಅದಕ್ಕಿಂತ ಜೋರಾಗಿ ಕುಟ್ಟಿತು! "ಬನ್ನಿ ಮರಿಗಳಾ, ಎಲೆ ಹಾಕಿಯಾಗಿದೆ" ಎಂದು ಬಾಯಿ ಚಪ್ಪರಿಸಿತು.

ವಿಮಾನದಲ್ಲಿ ಎರಡೆರಡು ಟಕ್ ಟಕ್ ಕೇಳಿಸಿತು.

"ಜೋರಾಗಿರುವುದೇ ಹತ್ತಿರದ್ದು ಕಣೋ ಪಾಪಣ್ಣ! ಅಲ್ಲೇ ಇಳಿಸುತ್ತೇನೆ" ಎಂದಿತು ಕರಡಿ.

"ಸ್ವಲ್ಪ ತಡಿ ಕರಡಿಯಣ್ಣ."

"ನೀನು ತಿರುಗಿಸಿ ಮುಗಿಸುವಷ್ಟರಲ್ಲಿ ಈ ಮರಿಗಳಿಗೆ ಮೊಮ್ಮಕ್ಕಳಾಗುತ್ತವೆ!"

ಕಾಡುಪಾಪ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿತು. ಇನ್ನೊಂದು ಎಳೆಯಷ್ಟು ತಿರುಗಿಸಿತು. ಮೆಲ್ಲನೆಯ ಸದ್ದು ಮಾಯವಾಯಿತು. ಉಳಿದ ಜೋರು ಸದ್ದಿನ ಹಿಂದೆ ಇನ್ನೇನೋ ಕೇಳಿಸಿತು. ವಟರ್, ವಟರ್!

"ಕಪ್ಪೆಗಳು! ನಮ್ಮ ಒಣ ಬಯಲಿನಲ್ಲಿ ಕಪ್ಪೆ ಎಲ್ಲಿಂದ ಬರಬೇಕು? ಅಣ್ಣ, ಇದು ನರಿ ಓಡಾಡುವ ಜೌಗು. ಕುಟ್ಟುತ್ತಿರುವುದು ನರಿ!"

"ಅಯ್ಯೋ ಕಳ್ಳ! ಬಾಯಿ ಮುಚ್ಚಲು ಹೇಳು ಅದಕ್ಕೆ!"

"ಬೇಡ, ಕುಟ್ಟಲಿ. ನನಗೆ ಬೇಕಾದದ್ದೂ ಅದೇ."

ತೇಗದೆಲೆಯ ನಕ್ಷೆಯ ಮೇಲೆ ಕಾಡುಪಾಪ ಬಳೆ ತೋರಿದ ನೇರಕ್ಕೆ ಬಯಲಿನಿಂದ ಒಂದು ಗೆರೆ ಗೀಚಿತು. ಮತ್ತೆ ಬಳೆ ತಿರುಗಿಸಿ ನರಿಯ ಸದ್ದನ್ನೂ ಅಡಗಿಸಿ, ಜೌಗಿನಿಂದ ಇನ್ನೊಂದು ಗೆರೆ ಗೀಚಿತು. ಎರಡೂ ಬಯಲಿನಾಚೆಯ ಕೋಡುಗಲ್ಲಿನ ಮೇಲೆ ಕೂಡಿದವು.

"ನಾವಿರುವುದು ಇಲ್ಲಿ! ಬಯಲು ದಾಟಿ ಬಂದುಬಿಟ್ಟಿದ್ದೇವೆ. ಹಿಂದಕ್ಕೆ ತಿರುಗಿಸು ಅಣ್ಣ!"

ಕರಡಿ ತಿರುಗಿಸಿತು. ಚಕ್ರ ಹುಲ್ಲು ಮುಟ್ಟಿತು, ಎಂಜಿನ್ ನಿಂತಿತು. ಹನ್ನೆರಡು ಮರಿಗಳೂ ಕುಣಿಯುತ್ತ ಕೆಳಗೆ ಹಾರಿದವು. ಎಲ್ಲರೂ ಕಾಡುಪಾಪವನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಆಗ ರೇಡಿಯೋ ಅರಚಿತು. "ಕಾಪಾಡಿ! ಕುಟ್ಟಿ ಕುಟ್ಟಿ ಸೊಂಟದವರೆಗೂ ಕೆಸರಲ್ಲಿ ಹೂತುಹೋಗಿದ್ದೇನೆ!"

"ಹೆದರಬೇಡ ನರಿಯಪ್ಪ" ಎಂದಿತು ಕಾಡುಪಾಪ. "ನೀನಿರುವ ಜಾಗ ನಮಗೆ ಚೆನ್ನಾಗಿ ಗೊತ್ತು. ನಾನೇ ಬರುತ್ತೇನೆ, ನಡೆದುಕೊಂಡು."

ಇದನ್ನು ಬರೆದಿಡು ಚಿನ್ನಿ, ಆಮೇಲೆ ನಾನು ಮರೆತುಬಿಡುತ್ತೇನೆ:

ನೀತಿ: ಜೋರಾದ ಮಾತೆಲ್ಲ ನಿಜವಲ್ಲ, ತಾಳ್ಮೆಯಿಂದ ಕೇಳುವವರಿಗೆ ಸುಳ್ಳುಗಾರನೂ ದಾರಿ ತೋರಿಸುತ್ತಾನೆ.